ಮಳೆಗಾಲದಲ್ಲಿ ಕಪ್ಪಾಗುವ ಪರದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಗೋಣಿಕೊಪ್ಪಲಿನ ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ ನನ್ನ ರಿಪೇರಿ ಅಂಗಡಿ ಇದೆ. ಅಪ್ಪ ಅಲ್ಲಿ ಮೊದಲು ರೇಡಿಯೊ, ಆಮೇಲೆ ಟಿವಿ ರಿಪೇರಿ ಮಾಡುತ್ತಿದ್ದರು. ಅವರು ಕೂರುತ್ತಿದ್ದ ಮೇಜಿನ ಮೇಲೆಯೇ ಈಗ ನಾನು ಲ್ಯಾಪ್‌ಟಾಪ್ ಬಿಚ್ಚುತ್ತೇನೆ. ಜೂನ್‌ನಲ್ಲಿ ಮಳೆ ಹಿಡಿದರೆ ಆಗಸ್ಟ್ ನಡುವಿಗೆ ಮುಗಿಯುವ ಕೊಡವರ ಕಕ್ಕಡ ತಿಂಗಳು ಕಳೆಯುವವರೆಗೂ ಈ ಮೇಜಿಗೆ ಬರುವುದರಲ್ಲಿ ಪರದೆಯ ದೂರುಗಳೇ ಹೆಚ್ಚು. ಈ ಸಲ ಪತ್ರಿಕೆಗೆ ಬಂದ ಕಾಗದಗಳೂ ಅದನ್ನೇ ಹೇಳುತ್ತಿವೆ. ಹಾಗಾಗಿ ಅಂಕಣವನ್ನು ಪೂರ್ತಿಯಾಗಿ ಪರದೆಗೇ ಬಿಟ್ಟುಕೊಟ್ಟಿದ್ದೇನೆ. ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಮಾದಾಪುರದಿಂದ

ಪ್ರಶ್ನೆ: ಮಗಳು ಮಡಿಕೇರಿಯಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಿದ್ದಾಳೆ. ಅವಳ ಲ್ಯಾಪ್‌ಟಾಪ್‌ಗೆ ಮೂರು ವರ್ಷ ಆಯಿತು. ಮುಚ್ಚಳ ಅರ್ಧ ತೆರೆದರೆ ಚಿತ್ರ ಸರಿಯಾಗಿ ಬರುತ್ತದೆ, ಇನ್ನೂ ಸ್ವಲ್ಪ ಹಿಂದಕ್ಕೆ ಸರಿಸಿದರೆ ಮಿಣುಕಿ ಕಪ್ಪಾಗುತ್ತದೆ. ಒಂದು ಅಂಗಡಿಯಲ್ಲಿ ತೋರಿಸಿದೆವು. ಪ್ಯಾನೆಲ್ ಹೋಗಿದೆ, ಬದಲಿಸಲು ಒಂಬತ್ತು ಸಾವಿರ ಬೇಕು ಎಂದರು. ಅಷ್ಟು ಹಣ ಈಗ ಹೊಂದಿಸುವುದು ಕಷ್ಟ. ಬೇರೆ ದಾರಿ ಇದೆಯೇ ಅಕ್ಕ?

ಉತ್ತರ: ಇದೆ. ದಯವಿಟ್ಟು ಹಣ ಕೊಡಬೇಡಿ, ಸ್ವಲ್ಪ ತಡೆಯಿರಿ. ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆಯ ಭಾಗ, ನಿಜವಾಗಿ ಹೋಗಿದ್ದರೆ ಮುಚ್ಚಳವನ್ನು ಹೇಗೆ ತೆರೆದಿಟ್ಟರೂ ಚಿತ್ರ ಕೆಟ್ಟೇ ಇರುತ್ತದೆ. ತೆರೆದ ಅಳತೆಗೆ ತಕ್ಕಂತೆ ಚಿತ್ರ ಬಂದು ಹೋಗುತ್ತಿದ್ದರೆ ಮೊದಲು ನೋಡಬೇಕಾದದ್ದು ಡಿಸ್‌ಪ್ಲೇ ಕೇಬಲ್ ಅನ್ನು. ಮದರ್‌ಬೋರ್ಡ್‌ನಿಂದ ಹೊರಟು ಮುಚ್ಚಳದ ಕೀಲಾದ ಹಿಂಜ್‌ನ ಪಕ್ಕದಲ್ಲಿ ತಿರುವಿಕೊಂಡು ಪರದೆಯ ಹಿಂಬದಿಗೆ ಏರುವ ಕೇಬಲ್ ಅದು. ಮುಚ್ಚಳ ತೆರೆದು ಮುಚ್ಚುವಾಗಲೆಲ್ಲ ಅದು ಒಂದೇ ಜಾಗದಲ್ಲಿ ಮಡಚಿ ಬಿಡಿಸಿಕೊಳ್ಳುತ್ತದೆ. ಮೂರು ವರ್ಷ ದಿನಕ್ಕೆ ಹತ್ತು ಬಾರಿ ಮಡಚಿಸಿಕೊಂಡ ತಂತಿ ಎಷ್ಟು ತಡೆದೀತು?

ಹೋದ ವಾರ ಇಂಥದ್ದೇ ಒಂದನ್ನು ಬಿಚ್ಚಿದೆ. ಕೇಬಲ್‌ಗೆ ಸುತ್ತಿದ್ದ ಕಪ್ಪು ಬಟ್ಟೆಯ ಪಟ್ಟಿ ಹಿಂಜ್ ತಾಗುವ ಕಡೆ ನುಣ್ಣಗೆ ಸವೆದಿತ್ತು. ಅದನ್ನು ಬಿಡಿಸಿ ನೋಡಿದರೆ ಒಳಗೆ ತಲೆಗೂದಲಿಗಿಂತ ತೆಳುವಾದ ತಂತಿಗಳ ಕಟ್ಟು, ಅದರಲ್ಲಿ ಎರಡು ತಂತಿ ತುಂಡಾಗಿ ತುದಿಗಳು ಒಂದಕ್ಕೊಂದು ತಾಗಿಯೂ ತಾಗದಂತೆ ನಿಂತಿದ್ದವು. ಮುಚ್ಚಳ ಮುಂದಕ್ಕೆ ಬಂದಾಗ ತುದಿಗಳು ಕೂಡುತ್ತಿದ್ದವು, ಹಿಂದಕ್ಕೆ ಹೋದಾಗ ಬಿಡುತ್ತಿದ್ದವು. ಆ ಲ್ಯಾಪ್‌ಟಾಪ್‌ನ ಪ್ಯಾನೆಲ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಹೊಸ ಕೇಬಲ್‌ಗೆ ಪ್ಯಾನೆಲ್‌ನ ಬೆಲೆಯ ಸಣ್ಣ ಪಾಲು ಸಾಕಾಯಿತು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಟಿವಿಗೆ ಎಚ್‌ಡಿಎಂಐ ಕೇಬಲ್‌ನಿಂದ ಲ್ಯಾಪ್‌ಟಾಪ್ ಜೋಡಿಸಿ, ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಎರಡು ಪರದೆಗಳಲ್ಲೂ ಒಂದೇ ಚಿತ್ರ ಬರುವ ಡೂಪ್ಲಿಕೇಟ್ ಆಯ್ಕೆ ಮಾಡಿ. ಈಗ ಮುಚ್ಚಳವನ್ನು ನಿಧಾನವಾಗಿ ಹಿಂದಕ್ಕೆ ಸರಿಸಿ. ಲ್ಯಾಪ್‌ಟಾಪ್ ಪರದೆ ಕಪ್ಪಾದಾಗಲೂ ಟಿವಿಯಲ್ಲಿ ಚಿತ್ರ ಅಲುಗಾಡದೆ ನಿಂತಿದ್ದರೆ ಮದರ್‌ಬೋರ್ಡ್, ಗ್ರಾಫಿಕ್ಸ್ ಎಲ್ಲ ಸರಿ ಇವೆ ಎಂದರ್ಥ. ದೋಷ ಮುಚ್ಚಳದ ಕಡೆಗೆ ಹೋಗುವ ದಾರಿಯಲ್ಲಿದೆ. ಪರೀಕ್ಷೆಗಳು ನಡೆಯುವವರೆಗೂ ಮಗಳು ಟಿವಿಯಲ್ಲೇ ನೋಡಿಕೊಂಡು ಅಸೈನ್‌ಮೆಂಟ್ ಬರೆಯಬಹುದು, ಯಂತ್ರಕ್ಕೆ ಏನೂ ಆಗುವುದಿಲ್ಲ.

ಕೇಬಲ್ ಬದಲಿಸುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ ಎನ್ನುವುದಕ್ಕೆ ನಿರ್ದಿಷ್ಟ ಕಾರಣವಿದೆ. ಆ ಕೇಬಲ್‌ನಲ್ಲಿ ಚಿತ್ರದ ಸಂಕೇತ ಹೋಗುವ ತಂತಿಯ ಪಕ್ಕದಲ್ಲೇ ಪರದೆಯನ್ನು ಹಿಂದಿನಿಂದ ಬೆಳಗಿಸುವ ಬ್ಯಾಕ್‌ಲೈಟ್‌ಗೆ ಕರೆಂಟು ಹೋಗುವ ತಂತಿಯೂ ಇರುತ್ತದೆ. ಬ್ಯಾಟರಿ ಸಂಪರ್ಕ ಮೊದಲು ತೆಗೆಯದೆ ಕನೆಕ್ಟರ್ ಓರೆಯಾಗಿ ಎಳೆದರೆ ಎರಡೂ ತಾಗಿ, ಬೋರ್ಡ್ ಮೇಲಿನ ಸಾಸಿವೆ ಕಾಳಿನಷ್ಟಿರುವ ಫ್ಯೂಸ್ ಸುಟ್ಟುಹೋಗುತ್ತದೆ. ಆಗ ಹೊಸ ಕೇಬಲ್ ಹಾಕಿದರೂ ಬೆಳಕು ಬರುವುದಿಲ್ಲ. ಕೇಬಲ್ ತರಿಸುವಾಗ ಹಳೆಯದರ ಮೇಲೆ ಅಂಟಿಸಿದ ಚೀಟಿಯ ಪಾರ್ಟ್ ನಂಬರ್ ನೋಡಿಯೇ ತರಿಸಬೇಕು. ಒಂದೇ ಮಾದರಿಯ ಲ್ಯಾಪ್‌ಟಾಪ್‌ನಲ್ಲಿ 30 ಪಿನ್‌ನದೂ ಇರಬಹುದು, 40 ಪಿನ್‌ನದೂ ಇರಬಹುದು.

ಮತ್ತೆ ಅಂಗಡಿಗೆ ಹೋದಾಗ ನಿಮ್ಮ ಕಣ್ಣೆದುರೇ ಬಿಚ್ಚಲು ಹೇಳಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಅದು ನಿಮ್ಮ ಹಣ ಕೊಟ್ಟು ಕೊಂಡ ವಸ್ತು, ಕೇಳಲು ಸಂಕೋಚ ಬೇಡ. ಹಾಗೆಯೇ ಹಿಂಜ್ ಎಷ್ಟು ಬಿಗಿಯಾಗಿದೆ ಎಂದೂ ನೋಡಿಸಿ. ಬಿಗಿ ಹಿಂಜ್ ಹಾಗೇ ಬಿಟ್ಟರೆ ಹೊಸ ಕೇಬಲ್ ಕೂಡ ಅದೇ ಜಾಗದಲ್ಲಿ ತುಂಡಾಗುತ್ತದೆ, ಹಿಂಜ್‌ನ ಸ್ಕ್ರೂ ಹಿಡಿದಿರುವ ಪ್ಲಾಸ್ಟಿಕ್ ಬಿರಿಯುತ್ತದೆ. ಮುಚ್ಚಳವನ್ನು ಮೂಲೆ ಹಿಡಿದು ಎತ್ತದೆ, ನಡುವೆ ಹಿಡಿದು ಎತ್ತುವಂತೆ ಮಗಳಿಗೆ ಹೇಳಿ.

ವಿರಾಜಪೇಟೆಯಿಂದ

ಪ್ರಶ್ನೆ: ನನ್ನದು ಬಟ್ಟೆ ಅಂಗಡಿ. ಬಿಲ್ ಹಾಕುವಾಗ ಲ್ಯಾಪ್‌ಟಾಪ್ ಪರದೆ ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಬರುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗಲೇ ಹೀಗಾಗುತ್ತದೆ, ರಾತ್ರಿ ಲೆಕ್ಕ ನೋಡುವಾಗ ಆಗುವುದಿಲ್ಲ.

ಉತ್ತರ: ಗಿರಾಕಿ ಇದ್ದಾಗ ನಿಮ್ಮ ಮೊಬೈಲ್ ಎಲ್ಲಿರುತ್ತದೆ ನೋಡಿಕೊಳ್ಳಿ. ಹಣ ಬಂತೇ ಎಂದು ನೋಡಿ ಲ್ಯಾಪ್‌ಟಾಪ್‌ನ ಅಂಗೈ ಊರುವ ಜಾಗದಲ್ಲೇ ಇಡುತ್ತಿದ್ದೀರಿ ಎಂದು ನನ್ನ ಅಂದಾಜು. ಪುಸ್ತಕದಂತೆ ಮಡಚುವ ಮೊಬೈಲ್ ಕವರ್‌ನಲ್ಲಿ ಅಯಸ್ಕಾಂತ ಇರುತ್ತದೆ. ಲ್ಯಾಪ್‌ಟಾಪ್ ಮುಚ್ಚಿದ್ದು ತಿಳಿಯಲು ಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ಅಯಸ್ಕಾಂತವನ್ನೂ ಕೆಳಗೆ ಅದನ್ನು ಗುರುತಿಸುವ ಹಾಲ್ ಸೆನ್ಸರ್ ಅನ್ನೂ ಇಟ್ಟಿರುತ್ತಾರೆ. ನಿಮ್ಮ ಕವರ್ ಅದರ ಹತ್ತಿರ ಬಂದರೆ ಮುಚ್ಚಳ ಮುಚ್ಚಿತು ಎಂದುಕೊಂಡು ಯಂತ್ರ ಪರದೆ ಆರಿಸುತ್ತದೆ. ಅಯಸ್ಕಾಂತದ ಕೊಂಡಿ ಇರುವ ವಾಚಿನ ಪಟ್ಟಿಯೂ ಹೀಗೆ ಮಾಡುತ್ತದೆ. ಒಂದು ವಾರ ಮೊಬೈಲನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ನೋಡಿ. ಆಗಲೂ ಆರಿದರೆ ಮಾತ್ರ ಬೇರೆ ದೋಷ ಹುಡುಕೋಣ.

ಭಾಗಮಂಡಲದಿಂದ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಜುಲೈನಿಂದ ಲ್ಯಾಪ್‌ಟಾಪ್ ಪರದೆಯ ಕೆಳಗಿನ ಎರಡು ಮೂಲೆಗಳಲ್ಲಿ ಹಾಲು ಚೆಲ್ಲಿದಂಥ ಬಿಳಿ ಮಚ್ಚೆ ಕಾಣಿಸುತ್ತಿದೆ. ಬೆಳಿಗ್ಗೆ ಹೆಚ್ಚು, ಒಂದು ಗಂಟೆ ಬಳಸಿದ ಮೇಲೆ ಕಡಿಮೆ. ಮಳೆಯ ತೇವ ತಾಗಬಾರದೆಂದು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಬೀರುವಿನಲ್ಲಿಡುತ್ತೇನೆ. ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಒಣಗುತ್ತದೆ ಎಂದು ಅತ್ತೆ ಹೇಳುತ್ತಾರೆ. ಇಡಬಹುದೇ?

ಉತ್ತರ: ಅಟ್ಟದಲ್ಲಿ ಮಾತ್ರ ಇಡಬೇಡಿ. ಅತ್ತೆಯವರ ಮಾತಿನಲ್ಲಿ ಅನುಭವ ಇದೆ, ನಮ್ಮ ಮನೆಗಳಲ್ಲಿ ಮಳೆಗಾಲದಲ್ಲಿ ಕೆಡಬಾರದ ಎಷ್ಟೋ ವಸ್ತುಗಳನ್ನು ಒಲೆಯ ಮೇಲೆಯೇ ಉಳಿಸಿಕೊಂಡಿದ್ದೇವೆ. ಆದರೆ ಒಲೆಯ ಹೊಗೆಯಲ್ಲಿ ಎಣ್ಣೆಯ ಜಿಡ್ಡೂ ಮಸಿಯೂ ಇರುತ್ತವೆ. ಅವು ಫ್ಯಾನಿನ ಮೂಲಕ ಒಳಗೆ ಹೋಗಿ ಕನೆಕ್ಟರ್‌ಗಳ ಮೇಲೆ ಕೂರುತ್ತವೆ. ಬಿಸಿಗೆ ಪ್ಯಾನೆಲ್‌ನ ಅಂಟೂ ಸಡಿಲವಾಗುತ್ತದೆ.

ಮಚ್ಚೆ ಎಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ. ಪರದೆ ಎಂದು ನಾವು ಕರೆಯುವುದು ಒಂದೇ ಗಾಜಲ್ಲ. ಎಲ್ಲಕ್ಕಿಂತ ಹಿಂದೆ ಬೆಳಕನ್ನು ಮುಂದಕ್ಕೆ ತಳ್ಳುವ ಬಿಳಿ ಹಾಳೆ, ಅದರ ಮುಂದೆ ಅಂಚಿನ ಎಲ್‌ಇಡಿಗಳ ಬೆಳಕನ್ನು ಇಡೀ ಪರದೆಗೆ ಹರಡುವ ದಪ್ಪ ಪ್ಲಾಸ್ಟಿಕ್ ಫಲಕ, ಅದರ ಮೇಲೆ ಬೆಳಕನ್ನು ಹದ ಮಾಡುವ ಎರಡು ಮೂರು ತೆಳು ಹಾಳೆ, ಕೊನೆಗೆ ಚಿತ್ರ ಮೂಡಿಸುವ ಗಾಜು. ಈ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿರುವುದಿಲ್ಲ, ಹಪ್ಪಳ ಜೋಡಿಸಿದ ಹಾಗೆ ಜೋಡಿಸಿರುತ್ತಾರೆ. ಗಾಳಿಯಲ್ಲಿರುವ ತೇವ ಅಂಚಿನಿಂದ ಆ ಸಂದಿಗೆ ಇಳಿದರೆ ಹಾಳೆಗಳು ಅಲ್ಲಲ್ಲಿ ಅಂಟಿಕೊಂಡು ಬೆಳಕು ಬೇರೆಯಾಗಿ ಚದುರುತ್ತದೆ. ನಿಮಗೆ ಕಾಣುವ ಹಾಲಿನ ಬಣ್ಣ ಅದು. ಯಂತ್ರ ಬಿಸಿಯಾದಂತೆ ತೇವ ಆರಿ ಮಚ್ಚೆ ತಿಳಿಯಾಗುತ್ತದೆ. ಇನ್ನೂ ಬಂದು ಹೋಗುವ ಹಂತದಲ್ಲಿರುವುದು ಒಳ್ಳೆಯ ಲಕ್ಷಣ. ಹಾಗೇ ಬಿಟ್ಟರೆ ಹಾಳೆಗಳ ಮೇಲೆ ಬೂಷ್ಟು ಹಿಡಿದು ಕಲೆ ಕಾಯಂ ಆಗುತ್ತದೆ, ಆಮೇಲೆ ಯಾರಿಂದಲೂ ಅದನ್ನು ಒರೆಸಿ ತೆಗೆಯಲು ಆಗುವುದಿಲ್ಲ.

ಪ್ಲಾಸ್ಟಿಕ್ ಕವರ್‌ನ ವಿಷಯದಲ್ಲಿ ಒಂದು ಮಾತು. ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೊಬಸ್ಟಾ ಚೆರಿಯನ್ನು ಶೇ 11ರಷ್ಟು ತೇವಕ್ಕೆ ಒಣಗಿಸದೆ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರೆ ಏನಾಗುತ್ತದೆ? ಹೊರಗಿನ ತೇವ ಬರದಿದ್ದರೂ ಒಳಗಿನದೇ ಕೊಳೆಸುತ್ತದೆ. ತೇವ ತುಂಬಿದ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತುವುದೂ ಅದೇ ತಪ್ಪು.

ಹೀಗೆ ಮಾಡಿ. ಶಾಲೆಗೆ ಬೇಡದ ದಿನವೂ ಒಂದು ಗಂಟೆ ಲ್ಯಾಪ್‌ಟಾಪ್ ಚಾಲೂ ಮಾಡಿ, ಬೆಳಕು ಪೂರ್ತಿ ಏರಿಸಿ ಇಟ್ಟುಬಿಡಿ. ಅದರ ಸ್ವಂತ ಬಿಸಿಯೇ ಎಲ್ಲಕ್ಕಿಂತ ಹದವಾದ ಬಿಸಿ. ಆರಿಸಿದ ಮೇಲೆ ಅರ್ಧ ಗಂಟೆ ಆರಲು ಬಿಟ್ಟು, ಬಿಗಿ ಮುಚ್ಚಳದ ದೊಡ್ಡ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಸಿಕ್ಕರೆ ಇನ್ನೂ ಒಳ್ಳೆಯದು, ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಅಡುಗೆಯ ಬಾಣಲೆ ಬೇಡ, ಅದಕ್ಕೆಂದೇ ಒಂದು ಹಳೆಯದನ್ನು ತೆಗೆದಿಡಿ. ಅಕ್ಕಿಯ ಡಬ್ಬಿಯಲ್ಲಿ ಹೂಳುವುದರಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ, ಅಕ್ಕಿಯ ಧೂಳು ಸಂದಿಗಳಲ್ಲಿ ಸೇರುತ್ತದೆ. ನಮ್ಮ ಅಪ್ಪ ಮಳೆಗಾಲದಲ್ಲಿ ಮರದ ಬೀರುವಿನ ತಳದಲ್ಲಿ 40 ವಾಟ್‌ನ ಹಳೆಯ ಬಲ್ಬ್ ಹಚ್ಚಿಟ್ಟು, ಮೇಲಿನ ಹಲಗೆಯಲ್ಲಿ ಟಿವಿಯ ಬೋರ್ಡ್‌ಗಳನ್ನು ಇಡುತ್ತಿದ್ದರು. ಬೀರುವಿನ ಬಾಗಿಲು ತೆರೆದರೆ ಒಣ ಮರದ ವಾಸನೆ ಬರುತ್ತಿತ್ತು, ಹೊರಗೆ ಗೋಡೆಯೆಲ್ಲ ಪಾಚಿ ಹಿಡಿದಿದ್ದರೂ. ಬಲ್ಬಿನ ಹತ್ತಿರ ಬಟ್ಟೆ, ಕಾಗದ ಇಲ್ಲದಂತೆ ನೋಡಿಕೊಂಡರೆ, ಮನೆಯಲ್ಲಿ ಯಾರಾದರೂ ಇರುವಾಗ ಮಾತ್ರ ಹಚ್ಚಿದರೆ, ಈಗಲೂ ಅದು ಒಳ್ಳೆಯ ಉಪಾಯವೇ.

ಪರದೆ ಒರೆಸುವಾಗ ನೀರನ್ನು ನೇರವಾಗಿ ಸಿಂಪಡಿಸಬೇಡಿ. ಕೆಳಗಿನ ಅಂಚಿಗೆ ಇಳಿದ ಒಂದು ಹನಿ ಕೂಡ ಈ ಹಾಳೆಗಳ ನಡುವೆಯೇ ಹೋಗುತ್ತದೆ.

ಕುಶಾಲನಗರದಿಂದ

ಪ್ರಶ್ನೆ: ವಿಂಡೋಸ್ ಅಪ್‌ಡೇಟ್ ಆದ ಮೇಲೆ ಪರದೆ ಪಟಪಟನೆ ಮಿಣುಕುತ್ತಿದೆ. ಚಾರ್ಜರ್ ತೆಗೆದರೆ ಇನ್ನೂ ಜಾಸ್ತಿ.

ಉತ್ತರ: ಮಿಣುಕುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದೂ ಮಿಣುಕಿದರೆ ಗ್ರಾಫಿಕ್ಸ್ ಡ್ರೈವರ್‌ನ, ಅಂದರೆ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ತಂತ್ರಾಂಶದ, ಸಮಸ್ಯೆ, ಅದೊಂದು ಮಾತ್ರ ಸ್ಥಿರವಾಗಿದ್ದರೆ ಬೇರೆ ಯಾವುದೋ ಒಂದು ತಂತ್ರಾಂಶದ ಸಮಸ್ಯೆ. ನಿಮ್ಮದು ಡ್ರೈವರ್ ಎಂದೇ ಕಾಣುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ತೆರೆದು, ರೋಲ್ ಬ್ಯಾಕ್ ಡ್ರೈವರ್ ಎಂಬ ಗುಂಡಿ ಇದ್ದರೆ ಒತ್ತಿ. ಇಂಟೆಲ್ ಗ್ರಾಫಿಕ್ಸ್ ಆಗಿದ್ದರೆ ಅದರ ಸ್ವಂತ ಸೆಟ್ಟಿಂಗ್ಸ್‌ನಲ್ಲಿ, ಬ್ಯಾಟರಿಯಲ್ಲಿ ನಡೆಯುವಾಗಿನ ಪವರ್ ವಿಭಾಗದಲ್ಲಿ, ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಎಂಬುದನ್ನು ಆರಿಸಿ ನೋಡಿ. ವಿದ್ಯುತ್ ಉಳಿಸಲು ಇರುವ ಸೌಲಭ್ಯ ಅದು, ಕೆಲವು ಪ್ಯಾನೆಲ್‌ಗಳಿಗೆ ಒಗ್ಗುವುದಿಲ್ಲ. ಕೊನೆಯದಾಗಿ, ವಿಂಡೋಸ್ ಏಳುವ ಮೊದಲೇ ತೆರೆಯುವ ಬಯಾಸ್ ಎಂಬ ಸೆಟ್ಟಿಂಗ್ಸ್ ಪರದೆಗೆ ಹೋಗಿ ಐದು ನಿಮಿಷ ಸುಮ್ಮನೆ ನೋಡಿ. ಅಲ್ಲಿ ವಿಂಡೋಸ್ ಇರುವುದಿಲ್ಲ. ಅಲ್ಲಿಯೂ ಮಿಣುಕಿದರೆ ಅಪ್‌ಡೇಟ್‌ನ ತಪ್ಪಲ್ಲ, ಮಾದಾಪುರದವರಿಗೆ ಬರೆದ ಉತ್ತರವನ್ನು ನೀವೂ ಓದಿ.

ಸೋಮವಾರಪೇಟೆಯಿಂದ

ಪ್ರಶ್ನೆ: ಪರದೆಯ ಮೇಲಿನಿಂದ ಕೆಳಗಿನವರೆಗೆ ಒಂದೇ ಒಂದು ಹಸಿರು ಗೆರೆ ಇದೆ. ಅಂಚನ್ನು ಒತ್ತಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ. ಒತ್ತಿ ಒತ್ತಿ ಸರಿಮಾಡಬಹುದೇ?

ಉತ್ತರ: ಆಗುವುದಿಲ್ಲ, ಒತ್ತುವುದನ್ನು ಇವತ್ತೇ ನಿಲ್ಲಿಸಿ. ಗಾಜಿನ ಅಂಚಿಗೆ ತೆಳುವಾದ ಪಟ್ಟಿಗಳನ್ನು ಬಿಸಿಮಾಡಿ ಒತ್ತಿ ಕೂರಿಸಿರುತ್ತಾರೆ, ಅದರಲ್ಲಿ ಒಂದು ಸಂಪರ್ಕ ಬಿಟ್ಟಿದೆ. ಅದನ್ನು ಮತ್ತೆ ಕೂರಿಸುವ ಯಂತ್ರ ನಮ್ಮಂಥ ಅಂಗಡಿಗಳಲ್ಲಿ ಇರುವುದಿಲ್ಲ. ಖಚಿತ ಮಾಡಿಕೊಳ್ಳಲು ಒಂದು ಸ್ಕ್ರೀನ್‌ಶಾಟ್ ತೆಗೆದು ಮೊಬೈಲ್‌ಗೆ ಕಳಿಸಿಕೊಳ್ಳಿ. ಮೊಬೈಲ್‌ನಲ್ಲಿ ಗೆರೆ ಕಾಣದಿದ್ದರೆ ಯಂತ್ರ ಸರಿಯಾದ ಚಿತ್ರವನ್ನೇ ಕಳಿಸುತ್ತಿದೆ ಎಂದಾಯಿತು. ನಿಮ್ಮದು ಡೆಲ್ ಲ್ಯಾಪ್‌ಟಾಪ್ ಆಗಿದ್ದರೆ ಆರಿಸಿ, ಡಿ ಕೀ ಒತ್ತಿ ಹಿಡಿದೇ ಪವರ್ ಗುಂಡಿ ಒತ್ತಿ. ಪರದೆ ಒಂದಾದ ಮೇಲೊಂದು ಬಣ್ಣ ತೋರಿಸುತ್ತದೆ, ಅಲ್ಲೂ ಗೆರೆ ಕಂಡರೆ ಅನುಮಾನ ಉಳಿಯುವುದಿಲ್ಲ. ಇಲ್ಲಿ ಮಾತ್ರ ಪ್ಯಾನೆಲ್ ಬದಲಿಸುವುದೇ ದಾರಿ. ಗೆರೆ ಒಂದೇ ಇದ್ದು ಕೆಲಸಕ್ಕೆ ಅಡ್ಡಿಯಾಗದಿದ್ದರೆ ಅವಸರವೂ ಇಲ್ಲ.

ನಾಪೋಕ್ಲಿನಿಂದ

ಪ್ರಶ್ನೆ: ನಾನು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಮೇ ತಿಂಗಳಲ್ಲಿ ಜೋರಾಗಿ ಸಿಡಿಲು ಹೊಡೆದ ರಾತ್ರಿ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿತ್ತು. ಮರುದಿನದಿಂದ ಪವರ್ ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಎರಡು ವರ್ಷದ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಅವರ ಮುಂಗಡದ ಲೆಕ್ಕ ಎಲ್ಲ ಅದರಲ್ಲಿದೆ. ಬೇರೆ ಪ್ರತಿ ಇಲ್ಲ. ಧಣಿಗಳಿಗೆ ಇನ್ನೂ ಹೇಳಿಲ್ಲ.

ಉತ್ತರ: ನಿಮ್ಮ ಕಾಗದ ಓದಿ ಆ ರಾತ್ರಿಯೇ ಉತ್ತರ ಬರೆದೆ. ಮೊದಲು ಧೈರ್ಯ ತಂದುಕೊಳ್ಳಿ. ಲೆಕ್ಕ ಇರುವುದು ಪರದೆಯಲ್ಲಲ್ಲ, ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ. ಪರದೆ ಹೋದಾಗ ಅದು ಚೆನ್ನಾಗಿಯೇ ಉಳಿದಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಕತ್ತಲೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಚಾಲೂ ಮಾಡಿ ಎರಡು ನಿಮಿಷ ಕಾಯಿರಿ. ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ, ಬಹಳ ಹತ್ತಿರ ಹಿಡಿದು ನೋಡಿ. ಮಂಜಿನೊಳಗೆ ಗುಡ್ಡ ಕಂಡಂತೆ ಮಸುಕಾಗಿ ಅಕ್ಷರಗಳೋ ಚಿತ್ರವೋ ಕಂಡರೆ ಚಿತ್ರ ಬರುತ್ತಿದೆ, ಬ್ಯಾಕ್‌ಲೈಟ್ ಮಾತ್ರ ಹೋಗಿದೆ. ಏನೂ ಕಾಣದಿದ್ದರೆ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಯಂತ್ರ ಒಳಗೆ ಎದ್ದಿದೆ ಎಂದರ್ಥ, ಕೂಡಲೇ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚಿತ್ರ ಬಂದರೆ ಬೇರೆ ಯಾವ ಪರೀಕ್ಷೆಗೂ ಮುಂಚೆ ಪೆನ್‌ಡ್ರೈವ್ ಹಾಕಿ ಲೆಕ್ಕವನ್ನೆಲ್ಲ ನಕಲು ಮಾಡಿಕೊಳ್ಳಿ.

ಕ್ಯಾಪ್ಸ್ ಲಾಕ್ ದೀಪವೂ ಸ್ಪಂದಿಸದಿದ್ದರೆ ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಪೂರ್ತಿ 30 ಸೆಕೆಂಡು ಒತ್ತಿ ಹಿಡಿಯಿರಿ. ಬೋರ್ಡ್‌ನಲ್ಲಿ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಸಿಡಿಲಿನ ನಂತರ ದಿಕ್ಕು ತಪ್ಪಿ ನಿಂತ ಯಂತ್ರಗಳು ಇಷ್ಟಕ್ಕೇ ಎದ್ದದ್ದೂ ಉಂಟು. ಆಮೇಲೆ ರ‍್ಯಾಮ್ ಎಂಬ ಮೆಮೊರಿ ಪಟ್ಟಿಯನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಶುಚಿ ಮಾಡಿ, ಕಟ್ ಎಂಬ ಸದ್ದು ಬರುವಂತೆ ಮತ್ತೆ ಕೂರಿಸಬೇಕು. ಇದನ್ನು ಕೈಪಳಗಿದವರಿಂದ ಮಾಡಿಸಿ.

ಇಷ್ಟಕ್ಕೂ ಏಳದಿದ್ದರೆ ಬೋರ್ಡ್‌ಗೆ ಪೆಟ್ಟು ಬಿದ್ದಿದೆ. ಆಗಲೂ ಡಿಸ್ಕ್ ಹೊರತೆಗೆದು ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಲೆಕ್ಕ ತೆಗೆಯಬಹುದು. ಅದು ಬಿಟ್‌ಲಾಕರ್ ರಿಕವರಿ ಕೀ, ಅಂದರೆ ಡಿಸ್ಕ್‌ನ ಬೀಗ ತೆಗೆಯುವ ಅಂಕಿಗಳ ಸಾಲು, ಕೇಳಿದರೆ ಗಾಬರಿ ಬೇಡ, ಲ್ಯಾಪ್‌ಟಾಪ್‌ಗೆ ನೀವು ಯಾವ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸುತ್ತಿದ್ದಿರೋ ಆ ಖಾತೆಯಲ್ಲಿ ಸಾಮಾನ್ಯವಾಗಿ ಅದು ಉಳಿದಿರುತ್ತದೆ. ಯಾರಾದರೂ ಫಾರ್ಮ್ಯಾಟ್ ಮಾಡಿದರೆ ಸರಿಯಾಗುತ್ತದೆ ಎಂದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗೆ ಬನ್ನಿ. ಕಪ್ಪು ಪರದೆಗೂ ಫಾರ್ಮ್ಯಾಟ್‌ಗೂ ಇಲ್ಲಿ ಸಂಬಂಧವಿಲ್ಲ, ಇದ್ದ ಲೆಕ್ಕವೂ ಹೋಗುತ್ತದೆ.

ಧಣಿಗಳಿಗೆ ಹೇಳಿಬಿಡಿ. ಹೇಳುವಾಗ ಸಿಡಿಲಿನ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಬಂಗಲೆಯ ಅರ್ತಿಂಗ್ ಗುಂಡಿ ನೋಡಿಸಬೇಕೆಂದೂ ಹೇಳಿ. ಇದ್ದಿಲು, ಉಪ್ಪು ತುಂಬಿದ ಹಳೆಯ ಗುಂಡಿಗಳು ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಇಳಿಸುವುದಿಲ್ಲ. ಮೊದಲ ಗುಡುಗಿನ ಮಳೆ ಬರುವುದು ಸರಿಯಾಗಿ ಆಗಲೇ. ಗುಡುಗು ದೂರದಲ್ಲಿ ಕೇಳಿದಾಗಲೇ ಚಾರ್ಜರ್ ಜೊತೆಗೆ ಇಂಟರ್ನೆಟ್‌ನ ತಂತಿಯನ್ನೂ ಕಿತ್ತಿಡಿ, ಸಿಡಿಲಿನ ಪೆಟ್ಟು ಆ ದಾರಿಯಲ್ಲೂ ಬರುತ್ತದೆ. ಲೆಕ್ಕ ಸಿಕ್ಕಿತೇ ಎಂದು ಒಂದು ಸಾಲು ಬರೆದು ತಿಳಿಸಿ, ಕಾಯುತ್ತಿರುತ್ತೇನೆ.

ಪೊನ್ನಂಪೇಟೆಯಿಂದ

ಪ್ರಶ್ನೆ: ಸೈನ್ಯದಿಂದ ನಿವೃತ್ತನಾದವನು, ವಯಸ್ಸು 78. ರಜೆಗೆ ಬಂದ ಮೊಮ್ಮಗ ಏನೋ ಒತ್ತಿ ಹೋದ ಮೇಲೆ ಪರದೆಯ ಚಿತ್ರ ಅಡ್ಡಲಾಗಿ ಮಲಗಿದೆ. ನಾಲ್ಕು ದಿನದಿಂದ ಕತ್ತು ವಾಲಿಸಿ ಪತ್ರಿಕೆ ಓದುತ್ತಿದ್ದೇನೆ.

ಉತ್ತರ: ಸರ್, ತಮ್ಮ ಲ್ಯಾಪ್‌ಟಾಪ್‌ನಲ್ಲಿ ಏನೂ ಕೆಟ್ಟಿಲ್ಲ. ಮೊದಲು ಕಂಟ್ರೋಲ್, ಆಲ್ಟ್ ಎರಡನ್ನೂ ಒತ್ತಿ ಹಿಡಿದು ಮೇಲ್ಮುಖ ಬಾಣದ ಕೀ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಷ್ಟಕ್ಕೇ ಚಿತ್ರ ನೆಟ್ಟಗಾಗುತ್ತದೆ. ಆಗದಿದ್ದರೆ ಖಾಲಿ ಜಾಗದಲ್ಲಿ ಮೌಸ್‌ನ ಬಲಗುಂಡಿ ಒತ್ತಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು, ಓರಿಯೆಂಟೇಶನ್ ಎಂಬಲ್ಲಿ ಲ್ಯಾಂಡ್‌ಸ್ಕೇಪ್ ಆರಿಸಿ. ಚಿತ್ರದ ಜೊತೆ ಮೌಸ್‌ನ ದಿಕ್ಕೂ ತಿರುಗಿರುವುದರಿಂದ ಬಾಣ ಹೇಳಿದ ಕಡೆಗೆ ಹೋಗುವುದಿಲ್ಲ. ಅದಕ್ಕೆ ಲ್ಯಾಪ್‌ಟಾಪನ್ನು ಪುಸ್ತಕ ತೆರೆದು ನಿಲ್ಲಿಸಿದಂತೆ ಚಿತ್ರ ನೆಟ್ಟಗೆ ಕಾಣುವ ಹಾಗೆ ಪಕ್ಕಕ್ಕೆ ನಿಲ್ಲಿಸಿ, ಬಿಡಿ ಮೌಸ್ ಒಂದನ್ನು ಜೋಡಿಸಿಕೊಳ್ಳಿ, ಕೈ ಎತ್ತ ಹೋದರೆ ಬಾಣವೂ ಅತ್ತಲೇ ಹೋಗುತ್ತದೆ. ಲ್ಯಾಂಡ್‌ಸ್ಕೇಪ್ ಒತ್ತಿದ ಕೂಡಲೇ ಬದಲಾವಣೆ ಉಳಿಸಿಕೊಳ್ಳಬೇಕೇ ಎಂದು ಅದು ಕೇಳುತ್ತದೆ. ಕೆಲವು ಸೆಕೆಂಡುಗಳೊಳಗೆ ಒಪ್ಪಿಗೆ ಕೊಡದಿದ್ದರೆ ಮತ್ತೆ ಮೊದಲಿನಂತೆ ಮಲಗಿಬಿಡುತ್ತದೆ, ಹಾಗಾಗಿ ಎಂಟರ್ ಕೀ ಮೇಲೆ ಬೆರಳು ಸಿದ್ಧವಾಗಿಟ್ಟುಕೊಂಡು, ಒತ್ತುವ ಮುಂಚೆ ಆಯ್ಕೆ ನಿಂತಿರುವುದು ಕೀಪ್ ಚೇಂಜಸ್ ಮೇಲೆಯೇ ಎಂದು ಒಮ್ಮೆ ನೋಡಿಕೊಳ್ಳಿ.